ಕಂಪನಿ ಹಿಡಿ, ಮೌನಪ್ಪನ ಹಿಡಿ

ಗುರಿ ತಪ್ಪಿದಾಗ ದೂರುವುದಕ್ಕೆ ಏನಾದರೊಂದು ಕೈಗೆಟುಕುವಂತಿರಬೇಕು. ನನಗೆ ಪಿಸ್ತೂಲಿನ ಹಿಡಿ ಇತ್ತು. ರೋಣದ ಕಾಲೇಜಿನಲ್ಲಿ ಗ್ರಂಥಪಾಲಕಿಯಾದ ನಾನು ಐವತ್ತರ ಹೊಸ್ತಿಲಲ್ಲಿ ಏರ್ ಪಿಸ್ತೂಲ್ ಹಿಡಿದದ್ದು, ಯೋಗಕ್ಕೆ ಕೂತರೆ ನಿದ್ದೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಅದರ ಹಿಡಿಯನ್ನು ಕಂಪನಿಯವರು ಯಾವನೋ ಆರಡಿ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದರು. ನನ್ನ ಬೆರಳು ಟ್ರಿಗರ್ ಮುಟ್ಟುವಷ್ಟರಲ್ಲಿ ಮಣಿಕಟ್ಟು ಹೊರಳಿ, ಗುಂಡು ಪಕ್ಕದವರ ಗುರಿಹಾಳೆಗೆ ಹೋಗುತ್ತಿತ್ತು. ಎರಡು ವರ್ಷ ಮನೆಯಲ್ಲಿ ಇದನ್ನೇ ಕೇಳಿ ಸಾಕಾದ ನಮ್ಮ ಯಜಮಾನರು, "ಹಂಗಾರ ಆ ಹಿಡೀನ ಬದಲಿ ಮಾಡಿಸಿಬಿಡು ಮಾರಾಯ್ತಿ" ಎಂದರು.

ಗಜೇಂದ್ರಗಡದ ಬಡಿಗೇರ ಮೌನಪ್ಪನವರು ಬೀಜ ಬಿತ್ತುವ ಕೂರಿಗೆ ಮಾಡುವುದರಲ್ಲಿ ಎತ್ತಿದ ಕೈ. ನನ್ನ ಕೈಗೆ ಹಸಿ ಮಣ್ಣಿನ ಮುದ್ದೆ ಹಿಡಿಸಿ ಅಳತೆ ತೆಗೆದುಕೊಂಡರು. ಎಂಟು ದಿನಕ್ಕೆ ಜಾಲಿ ಕಟ್ಟಿಗೆಯ ಹಿಡಿ ತಯಾರಾಯಿತು. ಹಿಡಿದರೆ ಕೈಯಲ್ಲಿ ಏನೂ ಇಲ್ಲವೇನೋ ಎನ್ನುವಷ್ಟು ಹಿತ.

ಮುಂದಿನ ತಿಂಗಳು ನರಗುಂದದಲ್ಲಿ ಜಿಲ್ಲಾ ಪಂದ್ಯ. ಮೂಲ ವಿಭಾಗದ ಹಿರಿಯ ಮಹಿಳೆಯರಲ್ಲಿ ಹೆಸರು ಕೊಟ್ಟವರು ಮೂವರು, ಪದಕಗಳೂ ಮೂರು. ಕಂಚು ನನಗೆ ಪಕ್ಕಾ ಆಗಿತ್ತು. ಗ್ರಂಥಾಲಯದ ಕಪಾಟಿನಲ್ಲಿ ವಿಶ್ವಕೋಶವನ್ನು ಸರಿಸಿ ಅದಕ್ಕೆ ಜಾಗವನ್ನೂ ಮಾಡಿದ್ದೆ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ತಪಾಸಣೆ. ಪರೀಕ್ಷಕರು ಪಿಸ್ತೂಲನ್ನು ಅಳತೆಪೆಟ್ಟಿಗೆಯಲ್ಲಿಟ್ಟರು, ಸರಿಯಾಗಿ ಹಿಡಿಸಿತು. ಟ್ರಿಗರಿಗೆ ತೂಕ ಕಟ್ಟಿದರು, ತಡೆಯಿತು. ಆಮೇಲೆ ಹಿಡಿ ನೋಡಿದರು.

"ಇದು ಕಂಪನೀದಲ್ರಿ ಮೇಡಂ."

"ಅಲ್ರಿ. ಮೌನಪ್ಪನವರು ಮಾಡ್ಯಾರ."

"ಹಂಗಾರ ಮುಕ್ತ ವಿಭಾಗಕ್ಕ ಹೋಗ್ರಿ. ಮೂಲ ವಿಭಾಗಕ್ಕ ಕಂಪನಿಯಿಂದ ಹ್ಯಾಂಗ ಬಂದದ, ಹಂಗ ಇರಬೇಕು. ಇಲ್ಲಾ, ನಾಳೆ ಹಳೇ ಹಿಡಿ ಹಾಕ್ಕೊಂಡ ಬರ್ರಿ."

ಮುಕ್ತ ವಿಭಾಗದಲ್ಲಿ ವಯಸ್ಸಿನ ಭೇದವಿಲ್ಲ. ಆಗಲೇ ಹನ್ನೊಂದು ಮಂದಿ ಇದ್ದರು, ಎಲ್ಲರೂ ಗುರಿ ಹೊಡೆಯುವವರು.

ಹಳೇ ಹಿಡಿ ನನ್ನ ಹತ್ತಿರ ಇರಲಿಲ್ಲ. ನಮ್ಮ ಕಡೆ ಹೊಸ ಕಟ್ಟಿಗೆ ಹಾಕಿದರೆ ಹಳೆಯದು ಬಡಿಗೇರರಿಗೇ ಸೇರುತ್ತದೆ. ಅದನ್ನು ಮರಳಿ ಕೇಳುವವರಿಲ್ಲ. ನಾನು ಕೇಳಲು ಬಸ್ಸು ಹತ್ತಿದೆ.

ಮೌನಪ್ಪನವರು ಅಂಗಳದಲ್ಲಿ ಹಲಗೆ ಕೊಯ್ಯುತ್ತಿದ್ದರು. ಗರಗಸಕ್ಕೆ ಕೂತದ್ದು ನನ್ನ ಕಂಪನಿ ಹಿಡಿ. "ಏನ್ ಚಲೋ ಕೂಡ್ತದ್ರಿ ಅಕ್ಕಾರ ಇದು ಕೈಯಾಗ!" ಎಂದು ಎದ್ದು ನಿಂತರು. ಸರಿಯಾಗಿ ಆರಡಿ. ಕಂಪನಿಯವರ ಮನಸ್ಸಿನಲ್ಲಿದ್ದ ಮನುಷ್ಯ ಸಿಕ್ಕಿದ್ದ.

ವಿಷಯ ಹೇಳಿದೆ. ಅವರು ತಿರುಪು ಬಿಚ್ಚಿ ಹಿಡಿಯನ್ನು ನನ್ನ ಕೈಗಿಟ್ಟರು. ಅದಕ್ಕೆ ಎರಡು ಹೊಸ ತೂತು ಬಿದ್ದಿದ್ದವು, ಹೆಬ್ಬೆರಳಿನ ಜಾಗ ಉಜ್ಜಿ ನುಣುಪಾಗಿತ್ತು. ಈಗ ಇದೂ ಕಂಪನಿಯದಾಗಿ ಉಳಿದಿರಲಿಲ್ಲ.

"ನಾ ಮಾಡಿದ್ರಾಗ ಏನರ ಊನ ಐತೇನ್ರಿ?" ಎಂದು ಅವರು ಮೆಲ್ಲಗೆ ಕೇಳಿದರು. ನನಗೆ ಬಹಳ ನಾಚಿಕೆಯಾಯಿತು. "ಏನೂ ಇಲ್ರಿ. ನೀವು ಮಾಡಿದ್ರಾಗ ಹೊಡೀತೀನಿ" ಎಂದು ಹಿಡಿ ಮರಳಿಸಿದೆ.

ಮಾರನೇ ದಿನ ಮುಕ್ತ ವಿಭಾಗದಲ್ಲಿ ಹನ್ನೆರಡನೆಯವಳಾದೆ. ಮೂಲ ವಿಭಾಗದಲ್ಲಿ ಇಬ್ಬರೇ ಹೊಡೆದರು. ಉಳಿದ ಕಂಚನ್ನು ಪರೀಕ್ಷಕರು ಡಬ್ಬಿಯಲ್ಲಿಟ್ಟು ಮುಚ್ಚಿದರು.

"ಏನಾತು?" ಎಂದರು ಯಜಮಾನರು. "ಆ ಹಿಡಿ..." ಎಂದು ರೂಢಿಯಂತೆ ಶುರು ಮಾಡಿ ನಿಲ್ಲಿಸಿದೆ. ಹಿಡಿ ಅಂಗೈಯಲ್ಲಿ ಚೂರೂ ಅಲುಗಾಡಿರಲಿಲ್ಲ. ಸುಮ್ಮನೆ ಕನ್ನಡಕ ತೆಗೆದು ಒರೆಸಿಕೊಂಡೆ. ಕನ್ನಡಕ ಬದಲಿಸುವುದಕ್ಕೆ ಯಾವ ವಿಭಾಗದಲ್ಲೂ ಅಡ್ಡಿಯಿಲ್ಲವಂತೆ. ಪರೀಕ್ಷಕರನ್ನು ಕೇಳಿಕೊಂಡೇ ಬಂದಿದ್ದೆ.