ಅತ್ತೆಗೆ ಗಾಳಿಯ ಪಾಠ ಹೇಳಿದ ರಾತ್ರಿ

ಮಾತನಾಡಿಯೇ ಸಂಬಳ ತೆಗೆದುಕೊಳ್ಳುವವರಿಗೆ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟ. ನಾನು ಕಾಪುವಿನ ಶಾಲೆಯೊಂದರಲ್ಲಿ ಭೂಗೋಳದ ಟೀಚರಾಗಿದ್ದೆ. ಸಂಜೆ ಮನೆಗೆ ಬಂದ ಮೇಲೂ ನನ್ನ ಪಾಠ ನಿಲ್ಲುತ್ತಿರಲಿಲ್ಲ. ತೊಂಡೆಕಾಯಿ ಹೆಚ್ಚುವಾಗ ಅದು ಎಂತಹ ಮಣ್ಣಿನಲ್ಲಿ ಬೆಳೆಯುತ್ತದೆ ಎಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಪಾರಾಗುತ್ತಿದ್ದರು. ಅತ್ತೆಗೆ ಓದು ಬಾರದ ಕಾರಣ ಆ ಸೌಕರ್ಯವೂ ಇರಲಿಲ್ಲ. "ನಿನಗೆ ಗಂಟಲು ನೋಯುವುದಿಲ್ಲವಾ ಮಾರಾಯ್ತಿ?" ಎಂದು ಕೇಳಿ ರೇಡಿಯೋದ ಕಿವಿ ಹಿಂಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಮಳೆಗಾಲದ ಆರಂಭ. ಯಜಮಾನರು ತೀರಿಕೊಂಡ ಯಾರದೋ ಬೊಜ್ಜದ ಊಟಕ್ಕೆಂದು ಕಾರ್ಕಳಕ್ಕೆ ಹೋಗಿದ್ದರು. ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಕತ್ತಲಾಗುವ ಹೊತ್ತಿಗೆ ಕಡಲಿನ ಕಡೆಯಿಂದ ಗಾಳಿ ಎದ್ದಿತು, ಕರೆಂಟು ಹೋಯಿತು. ಕರೆಂಟು ಹೋಗುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಚಿಮಿಣಿ ದೀಪ ಹಚ್ಚಿ, ಗಂಜಿ ಉಂಡು ಕುಳಿತೆವು. ಆದರೆ ಗಾಳಿ ನಿಲ್ಲಲಿಲ್ಲ. ಮಾಡಿನ ಹಂಚುಗಳು ಒಂದೊಂದೇ ಎದ್ದು ಅಂಗಳಕ್ಕೆ ಬಿದ್ದು ಒಡೆಯತೊಡಗಿದವು. ಅಡುಗೆಮನೆಯ ಕಿಟಕಿ ಪಟಪಟನೆ ಬಡಿಯುತ್ತಿತ್ತು. "ಹಾಲಿನ ಪಾತ್ರೆಗೆ ಕಸ ಬೀಳುತ್ತದೆ" ಎಂದು ಅತ್ತೆ ಎದ್ದರು. ನಾನು ಹೋಗುತ್ತೇನೆ ಎಂದರೆ ಕೇಳಲಿಲ್ಲ. ಅವರು ಒಳಗೆ ಹೋಗಿ ಕಿಟಕಿಯ ಚಿಲಕ ಹಾಕಿದ್ದು ಕೇಳಿಸಿತು. ಆ ಮೇಲೆ ಹಿತ್ತಿಲ ತೆಂಗಿನಮರ ಅಡುಗೆಮನೆಯ ಮೇಲೆ ಬಿತ್ತು.

ದೀಪ ಆರಿತು. ನಾನು ಕೂಗಿದೆನಂತೆ, ನನಗೆ ನೆನಪಿಲ್ಲ. ಆ ಕೂಗಿಗೆ ಪಕ್ಕದ ಮನೆಯ ಮೋನಬ್ಬ ಬ್ಯಾರಿಗಳು ದುಬಾಯಿಯಿಂದ ತಮ್ಮ ಕಳಿಸಿದ ಉದ್ದನೆಯ ಟಾರ್ಚು ಹಿಡಿದು ಓಡಿ ಬಂದರು. ಇಬ್ಬರೂ ಸೇರಿ ಹಂಚು, ಮುರಿದ ಮರದ ತುಂಡುಗಳನ್ನು ಎಳೆದು ಹಾಕಿದೆವು. ಅತ್ತೆಗೆ ಪ್ರಜ್ಞೆ ಇತ್ತು. ಒಂದು ಕಾಲು ಮಾತ್ರ ಇರಬಾರದ ರೀತಿಯಲ್ಲಿ ಹೊರಳಿತ್ತು. ಮುರಿದು ಬಿದ್ದ ಬಾಗಿಲ ಹಲಗೆಯ ಮೇಲೆ ಮಲಗಿಸಿ ಚಾವಡಿಗೆ ತಂದೆವು. ಬ್ಯಾರಿಗಳು ವಾಹನ ಹುಡುಕಲು ಹೋಗಿ, ನೆನೆದು ತೊಪ್ಪೆಯಾಗಿ ಹಿಂದಿರುಗಿದರು.

"ರಸ್ತೆಗೆ ಮರಗಳು ಅಡ್ಡ ಬಿದ್ದಿವೆ ಟೀಚರೇ. ಬೆಳಕು ಹರಿಯದೆ ಜೀಪು ಹೋಗುವ ಹಾಗಿಲ್ಲ. ನಾನು ಜಗಲಿಯಲ್ಲೇ ಇರುತ್ತೇನೆ."

ಅತ್ತೆ ನನ್ನ ಕೈ ಹಿಡಿದು, "ಎಂತಾದರೂ ಮಾತನಾಡು. ಸುಮ್ಮನಿದ್ದರೆ ನೋವು ಜಾಸ್ತಿಯಾಗುತ್ತದೆ" ಎಂದರು.

ಅವರು ನನ್ನನ್ನು ಮಾತನಾಡು ಎಂದದ್ದು ಅದೇ ಮೊದಲು. ನನ್ನ ಬಾಯಿಗೋ ಒಂದು ಶಬ್ದವೂ ಬಾರದು. ಕೊನೆಗೆ ಒಂಬತ್ತನೆಯ ಕ್ಲಾಸಿನ ಪಾಠವೇ ನಾಲಿಗೆಗೆ ಬಂತು. ಬಿಸಿಲಿಗೆ ನೆಲ ಕಾಯುತ್ತದೆ, ಬಿಸಿಗಾಳಿ ಮೇಲೇರುತ್ತದೆ, ಖಾಲಿಯಾದ ಕಡೆಗೆ ಕಡಲಿನ ಗಾಳಿ ನುಗ್ಗುತ್ತದೆ.

"ಗಾಳಿಯ ವಿಷಯ ಸಾಕು ಹೆಣ್ಣೇ. ಬೇರೆ ಎಂತ ಉಂಟು?" ಎಂದರು ಅತ್ತೆ, ಹಲ್ಲು ಕಚ್ಚಿಕೊಂಡು.

ನದಿಗಳನ್ನು ಹೇಳಿದೆ, ಮರುಭೂಮಿಗಳನ್ನು ಹೇಳಿದೆ. ಅರೇಬಿಯದ ಮರಳಿಗೆ ಬಂದಾಗ ಜಗಲಿಯಿಂದ ಬ್ಯಾರಿಗಳು, "ಅಲ್ಲಿ ರಾತ್ರಿ ಚಳಿಯಂತೆ, ತಮ್ಮ ಬರೆದಿದ್ದ" ಎಂದು ಸೇರಿಸಿದರು. ನಡುವೆ ಒಮ್ಮೆ ಅತ್ತೆಯ ಹಿಡಿತ ಸಡಿಲವಾಯಿತು. ನಾನು ಭಯದಿಂದ ಭುಜ ಅಲುಗಿಸಿದೆ. "ಸತ್ತಿಲ್ಲ, ಕೇಳುತ್ತಾ ಇದ್ದೇನೆ" ಎಂದರು.

ಬೆಳಗ್ಗೆ ಮರ ಕಡಿದು ದಾರಿ ಬಿಡಿಸಿದ ಮೇಲೆ ಮಣಿಪಾಲಕ್ಕೆ ಒಯ್ದೆವು. ತೊಡೆಯ ಮೂಳೆ ಮುರಿದಿತ್ತು. ರಾತ್ರಿಯಿಡೀ ಹೇಗೆ ತಡೆದುಕೊಂಡಿರಿ ಎಂದು ಡಾಕ್ಟರು ಕೇಳಿದರೆ, ಅತ್ತೆ ನನ್ನ ಕಡೆ ಬೆರಳು ತೋರಿಸಿ, "ಇವಳು ಬಿಡಬೇಕಲ್ಲ" ಎಂದರು. ಅದು ಹೊಗಳಿಕೆಯೋ ದೂರೋ ನನಗೆ ಇಂದಿಗೂ ಗೊತ್ತಿಲ್ಲ.

ಅವರು ಬದುಕಿದರು. ಆದರೆ ನಡಿಗೆ ಕೋಲು ಹಿಡಿದು ಹಾಸಿಗೆಯಿಂದ ಜಗಲಿಗೆ, ಅಷ್ಟೇ. ಅಡುಗೆಮನೆ ಮತ್ತೆ ಕಟ್ಟಿಸಿದೆವು. ಮದುವೆಯಾಗಿ ಬಂದಂದಿನಿಂದ ಅದು ನನ್ನ ಕೈಗೆ ಬರಲಿ ಎಂದು ಒಳಗೊಳಗೇ ಆಸೆಪಟ್ಟವಳು ನಾನು. ಬಂತು. ಮೊದಲ ದಿನ ಮಾಡಿದ ಸಾರಿನಲ್ಲಿ ಹುಳಿಯೂ ಇರಲಿಲ್ಲ, ಉಪ್ಪೂ ಇರಲಿಲ್ಲ. ಹಾಸಿಗೆಯ ಬಳಿಗೆ ಬಟ್ಟಲು ಒಯ್ದು, ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅತ್ತೆ ಪೂರ್ತಿ ಉಂಡು, "ಒಳ್ಳೆಯದುಂಟು ಮಗಳೇ" ಎಂದರು. ಆ ರಾತ್ರಿಯಿಡೀ ಅಳದವಳು ಆಗ ಹೊಸ ಅಡುಗೆಮನೆಗೆ ಹೋಗಿ, ಈರುಳ್ಳಿ ಹೆಚ್ಚುವ ನೆಪ ಮಾಡಿಕೊಂಡು ಅತ್ತುಬಿಟ್ಟೆ.