ಒಡೆದ ಗ್ಲೋಬು ಮತ್ತು ನನ್ನ ಪಾಪನಿವೇದನೆ

ಮನಸ್ಸಾಕ್ಷಿಯ ವಿಷಯದಲ್ಲಿ ನನಗೆ ಬಹಳ ಕಾಲ ಒಂದು ಜಂಬವಿತ್ತು. ಶನಿವಾರ ತಪ್ಪದೆ ಚರ್ಚಿಗೆ ಹೋಗಿ ವಾರದ ಪಾಪಗಳನ್ನೆಲ್ಲ ಪಾದ್ರಿ ಸ್ವಾಮಿಗಳ ಕಿವಿಗೆ ಹಾಕಿ ಬರುವ ಕ್ರೈಸ್ತನಾದ ನನ್ನ ಮನಸ್ಸಾಕ್ಷಿ, ಹಾಗೆ ಮಾಡದವರದ್ದಕ್ಕಿಂತ ಚೊಕ್ಕಟವಾಗಿರುತ್ತದೆಂದು ನಂಬಿದ್ದೆ. ಹೇಳಿಕೊಳ್ಳಲು ದೊಡ್ಡ ಪಾಪಗಳೂ ಇರುತ್ತಿರಲಿಲ್ಲ. ಭಾನುವಾರದ ಪೂಜೆಯಲ್ಲಿ ತೂಕಡಿಸಿದ್ದು, ಹೆಂಡತಿ ಮರಿಯಮ್ಮನ ಸಾರನ್ನು ಮನಸ್ಸಿನಲ್ಲೇ ಬೈದದ್ದು, ಇಷ್ಟೇ. ಸ್ವಾಮಿಗಳ ಮುಂದೆ ಬರಿಗೈಯಲ್ಲಿ ಹೋಗಬಾರದೆಂದು ಕೆಲವು ವಾರ ಒಂದೆರಡು ಪಾಪ ಕಲ್ಪಿಸಿಕೊಂಡು ಹೇಳಿದ್ದೂ ಉಂಟು. ಅದು ಸುಳ್ಳಾಯಿತಲ್ಲ ಎಂದು ಮುಂದಿನ ವಾರಕ್ಕೆ ಒಂದು ಪಾಪ ತಾನಾಗಿ ಒದಗುತ್ತಿತ್ತು.

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ನಾನು ಅಲ್ಲೊಂದು ಶಾಲೆಯಲ್ಲಿ ಮೇಷ್ಟ್ರು. ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ, ಶಾಲೆಗಿದ್ದ ಒಂದೇ ಗ್ಲೋಬಿನ ಧೂಳು ಒರೆಸೋಣವೆಂದು ಬೀರುವಿನ ಮೇಲಿಂದ ಇಳಿಸುವಾಗ ಕೈಜಾರಿತು. ಆಫ್ರಿಕಾ ಇದ್ದ ಕಡೆ ತೂತು ಬಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ತೂತನ್ನು ಗೋಡೆಯ ಕಡೆ ತಿರುಗಿಸಿಟ್ಟು ಮನೆಗೆ ಬಂದೆ.

ಮರುದಿನ, ಶುಕ್ರವಾರ, ಇನ್ಸ್‌ಪೆಕ್ಟರು ಗ್ಲೋಬನ್ನು ತಿರುಗಿಸಿದರು. ಗ್ಲೋಬಿನ ಗುಣವೇ ತಿರುಗುವುದು ಎಂಬುದು ಭೂಗೋಳ ಕಲಿಸುವ ನನಗೆ ಹೊಳೆದಿರಲಿಲ್ಲ. ಹೆಡ್‌ಮಾಸ್ಟರಿಗೆ ಅವಮಾನವಾಯಿತು. ಕೋಣೆ ಗುಡಿಸುವವನು ಜವಾನ ಮಾದಯ್ಯ, ಆದ್ದರಿಂದ ಒಡೆದವನೂ ಅವನೇ ಎಂದು ತೀರ್ಮಾನಿಸಿದರು.

"ನಾ ಮುಟ್ಟೇ ಇಲ್ಲ ಸಾ" ಎಂದ ಮಾದಯ್ಯ.

"ಸೋಮವಾರದಿಂದ ಕೆಲಸಕ್ಕೆ ಬರಬೇಡ" ಎಂದರು ಹೆಡ್‌ಮಾಸ್ಟರು.

ದಿನವೂ ಮಧುವನಹಳ್ಳಿಯಿಂದ ನಡೆದು ಬರುತ್ತಿದ್ದ, ಐವತ್ತು ದಾಟಿದ ಮನುಷ್ಯ ಅವನು. ಅವನು ಹೊರಗೆ ಹೋಗುವಾಗ ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಒಂದು ದಿನ ತಡೆದರೆ ಶನಿವಾರ, ಎಲ್ಲ ತೊಳೆದುಹೋಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಆದರೂ ರಾತ್ರಿ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಸಾರು ಕೆಟ್ಟಿರಬೇಕೆಂದು ಮರಿಯಮ್ಮ ತಾನೇ ರುಚಿ ನೋಡಿದಳು.

ಶನಿವಾರ ಮಂಡಿಯೂರಿ ಎಲ್ಲವನ್ನೂ ಹೇಳಿದೆ. ಒಂದಷ್ಟು ಜಪ ಹೇಳಿಕೊಳ್ಳಿ ಎನ್ನುತ್ತಾರೆಂದು ಕಾದೆ. ಸ್ವಾಮಿಗಳು ಹೇಳಿದ್ದೇ ಬೇರೆ.

"ದೇವರಿಗೆ ಇದು ಮೊದಲೇ ಗೊತ್ತಿತ್ತು ಮೇಷ್ಟ್ರೇ. ಗೊತ್ತಿಲ್ಲದೆ ಇರೋದು ನಿಮ್ಮ ಹೆಡ್‌ಮಾಸ್ಟರಿಗೆ. ಅಲ್ಲಿಗೆ ಹೋಗಿ ಹೇಳಿ."

"ಇಲ್ಲಿ ಹೇಳಿದ ಮೇಲೂ ಅಲ್ಲಿ ಹೇಳಬೇಕೇ ಸ್ವಾಮಿ?"

"ನಿನ್ನೆಯಿಂದ ಒಳಗೆ ಕೊರೀತಾ ಇದೆಯಲ್ಲ, ಅದೂ ದೇವರ ದನಿಯೇ. ಅದರ ಮಾತು ಕೇಳದೆ ನನ್ನ ಕಿವೀಲಿ ಹೇಳಿ ಏನು ಬಂತು?"

ಭಾನುವಾರ ಪೂಜೆ ಮುಗಿದ ಮೇಲೆ ಹೆಡ್‌ಮಾಸ್ಟರ ಮನೆಗೆ ಹೋದೆ. ನಾಲ್ಕು ಸಲ ಹವಾಮಾನದ ವಿಷಯ ಮಾತಾಡಿ, ಐದನೆಯ ಸಲ ನಿಜ ಹೇಳಿದೆ. ಅವರು, "ಮಾದಯ್ಯನನ್ನ ನೀವೇ ಹೋಗಿ ಕರೀರಿ. ನಿಮ್ಮ ವಿಷಯ ನಾಳೆ ನೋಡೋಣ" ಎಂದರು.

ಮಧುವನಹಳ್ಳಿಯವರೆಗೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡೇ ನಡೆದೆ. ಮಾದಯ್ಯ ಹಟ್ಟಿ ಮುಂದೆ ಹಗ್ಗ ಹೊಸೆಯುತ್ತಿದ್ದ. ನಾನು ಅರ್ಧ ಹೇಳುವಷ್ಟರಲ್ಲಿ, "ಗೊತ್ತಿತ್ತು ಸಾ. ಕಿಟಕೀಲಿ ಕಂಡಿದ್ದೆ" ಎಂದ.

"ಮತ್ತೆ ಯಾಕಯ್ಯಾ ಹೇಳಲಿಲ್ಲ?"

"ಪಾಠ ಯೇಳೋ ಮೇಷ್ಟ್ರು ನೀವು. ಐಕ್ಳ ಮುಂದೆ ನಿಮ್ ಮಾನ ಕಳೆಯಕ್ಕೆ ನನ್ ಮನ್ಸು ಒಪ್ನಿಲ್ಲ. ನೀವೇ ಯೇಳ್ತೀರಿ ಅಂತಿದ್ದೆ. ವಸಿ ತಡ ಆಯ್ತು, ಅಷ್ಟೇಯ."

ಅವನ ಮನಸ್ಸು ಒಪ್ಪಲಿಲ್ಲವಂತೆ. ನನ್ನದು ಮೂರು ದಿನ ಒಪ್ಪಿಕೊಂಡು ಕೂತಿತ್ತು. ಅಷ್ಟರಲ್ಲಿ ಅವನ ಹೆಂಡತಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು. ಇನ್ನು ಮೇಲೆ ನಿಜವನ್ನಲ್ಲದೆ ಬೇರೇನೂ ಆಡುವುದಿಲ್ಲವೆಂದು ಮನಸ್ಸಿನಲ್ಲೇ ಶಪಥ ಮಾಡಿ ಒಂದು ಗುಟುಕು ಕುಡಿದೆ. ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿತ್ತು.

"ಬಾಳ ಚೆನ್ನಾಗದೆ ಕಣವ್ವಾ" ಎಂದೆ.