ದಾಖಲೆ ಕೋಣೆಯ ಹೊಸ್ತಿಲಲ್ಲಿ ದೊಡ್ಡಪ್ಪನ ಚಪ್ಪಲಿ

ಹಳೆಯ ಭೂದಾಖಲೆಗಳ ಬೀಗದ ಕೈ ಹಿಡಿದ ಮಹನೀಯರೇ, ನಮ್ಮ ದೊಡ್ಡಪ್ಪನವರಿಗೆ ಹುಚ್ಚು ಹಿಡಿಸಿದವರು ನೀವೇ! ಮೊದಲೇ ಅರ್ಧ ಹಿಡಿದಿತ್ತು ಎಂಬ ವಾದ ಬೇಡ. ಉಳಿದರ್ಧದ ಹೊಣೆ ನಿಮ್ಮದು.

ಪಾಂಡವಪುರದ ಮನೆಯಿಂದ ಅವರು ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಪೇಟೆ ಎಂದು ಸುತ್ತುವುದು ನೆಂಟರನ್ನು ನೋಡಲು. ಆ ನೆಂಟರೆಲ್ಲ ಸತ್ತು ಕಂದಾಯ ಕಡತ ಸೇರಿ ಎಷ್ಟೋ ಕಾಲವಾಯಿತು, ಅಷ್ಟೇ! ದಾಖಲೆ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದೇ ಒಳಗೆ ಕಾಲಿಡುತ್ತಾರೆ.

“ಯಜಮಾನ್ರೇ, ಇದೇನು ದೇವಸ್ಥಾನವಾ?” ಎಂದು ಗುಮಾಸ್ತ ನಕ್ಕರೆ, “ನಿಂಗದು ಕಡತ ಕಣಪ್ಪ, ನಂಗೆ ನಮ್ ತಾತ. ಒಳ್ಗೆ ಮಲ್ಗವ್ನೆ, ಮೆಲ್ಗೆ ಮಾತಾಡು” ಎನ್ನುತ್ತಾರೆ.

ನಮ್ಮಲ್ಲಿ ಪಿತೃಪಕ್ಷದಲ್ಲಿ ಹಿರಿಯರನ್ನು ಹೆಸರು ಹಿಡಿದು ಕೂಗಿಯೇ ಎಡೆಗೆ ಕರೆಯುವುದು. ಒಮ್ಮೆ ಕಡತದಲ್ಲಿ ಮುತ್ತಜ್ಜನೊಬ್ಬ ಸಿಕ್ಕೇಬಿಟ್ಟ. ಹುಂಜ ಕೊಯ್ದು ಎಡೆಯಿಟ್ಟು ಕರೆದದ್ದೂ ಆಯಿತು. ಆಮೇಲೆ ತಿಳಿಯಿತು, ಆತ ಅದೇ ಹೆಸರಿನ, ನಾಗಮಂಗಲದ ಕಡೆಯ ಬೇರೆ ಮನೆತನದವನು! ದೊಡ್ಡಮ್ಮ ಕೆರಳಿದರು: “ಯಾರ ತಾತಂಗೋ ನನ್ ಹುಂಜ ಕುಯ್ಸಿದ್ರಲ್ಲಾ!”

“ಉಂಡ್ಕೊಂಡು ಓಗ್ಲಿ ಬುಡಮ್ಮಿ. ಪಾಪ, ಎಷ್ಟು ಅಸ್ದಿದ್ನೋ!” ಎಂದರು ದೊಡ್ಡಪ್ಪ.

ನಗು ಇಲ್ಲಿಗೆ ಸಾಕು, ನಮಗೂ ದಣಿವಾಗಿದೆ. ಅವರಿಗೀಗ ಬೇಕಿರುವುದು ಒಂದೇ ಹೆಸರು, ತಮ್ಮ ಮುತ್ತಜ್ಜಿಯದು. ಗಂಡ ತೀರಿದ ಮೇಲೆ ಗದ್ದೆಯನ್ನು ತನ್ನ ಹೆಸರಿಗೆ ಬರೆಸಿಕೊಂಡು, ತಾನೇ ನಿಂತು ಉಳಿಸಿದವಳಂತೆ. ತವರೂರು ಸೇರಿಸಿ ಎಲ್ಲರೂ ‘ಹೇಮಗಿರಿ ಅಜ್ಜಿ’ ಎಂದೇ ಕರೆದುದರಿಂದ, ಅವಳ ಹೆಸರು ಉಳಿದಿದ್ದರೆ ನಿಮ್ಮ ಕಡತದಲ್ಲಿ ಮಾತ್ರ. ಆ ಕಡತದ ಕಟ್ಟು ಎಲ್ಲಿ? ಕಚೇರಿಯವರು “ಸ್ಕ್ಯಾನಿಂಗಿಗೆ ಹೋಗಿದೆ” ಎನ್ನುತ್ತಾರೆ. ಸ್ಕ್ಯಾನಿಂಗಿನವರು “ಇಲ್ಲಿಗೆ ಬಂದೇ ಇಲ್ಲ” ಎನ್ನುತ್ತಾರೆ. ಹಾಗಾದರೆ ಅಜ್ಜಿ ನಡುದಾರಿಯಲ್ಲಿ ಇಳಿದು ಕಾಫಿ ಕುಡಿಯುತ್ತಿದ್ದಾಳೆಯೇ?

“ಹೇಮಗಿರಿ ಅಜ್ಜಿ ಅಂತಲೇ ಕೂಗಿದರಾಯಿತಲ್ಲ, ದೊಡ್ಡಪ್ಪ?” ಎಂದೆ ನಾನು.

“ಊರೆಸ್ರು ಕೂಗಿದ್ರೆ ಆ ಊರಲ್ಲಿ ಸತ್ತೋರೆಲ್ಲ ಬಂದ್ಬುಡ್ತಾರೆ ಕಣವ್ವ! ಅವಳ್ಗೇನು ಉಳೀತದೆ?”

ಕಳೆದ ಪಿತೃಪಕ್ಷದಲ್ಲಿ ಎಲ್ಲರ ಹೆಸರೂ ಕೂಗಿಯಾದ ಮೇಲೆ ಅವರು ಅಜ್ಜಿಗೆಂದು ಹಾಸಿದ ಕೊನೆಯ ಎಲೆಯ ಮುಂದೆ ಕುಳಿತರು. ಆಮೇಲೆ ಎಲೆಯಂಚಿಗೆ ನೀರು ಬಿಟ್ಟು, ಮೆಲ್ಲನೆ ಅಂದರು: “ಎಸ್ರು ಗೊತ್ತಿಲ್ಲ ಕಣವ್ವ. ಬ್ಯಾಸ್ರ ಮಾಡ್ಕೊಬ್ಯಾಡ, ಬಂದು ಉಣ್ಣು.”

ಆದುದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಂತಿ: ಆ ಕಟ್ಟು ಯಾರ ವಶದಲ್ಲಿದೆಯೆಂದು ಲಿಖಿತವಾಗಿ ಉತ್ತರಿಸಿ, ಬರುವ ಪಿತೃಪಕ್ಷದೊಳಗೆ ಅದನ್ನು ತರಿಸಿ, ಅಜ್ಜಿಯ ಹೆಸರಿರುವ ಪುಟ ತೋರಿಸಿ. ಎಲೆ ಹಾಸುವ ಹೊತ್ತಿಗೆ ನಾವು ಆಕೆಯನ್ನು ಹೆಸರು ಹಿಡಿದು ಕರೆಯಬೇಕಿದೆ.